ಪಿಜ್ಜನ ಸಮಾಧಿ ಕಲ್ಲಿನಲ್ಲಿ ನಮ್ಮ ಮನೆತನದ ಹೆಸರೇ ಇಲ್ಲ, ಇದು ಹೇಗೆ?

ಪಿಜ್ಜನ ಹುಡುಕಾಟ:

ಎಲ್ಲರಿಗೂ ನಮಸ್ಕಾರ. ನಾನು ಬೆಳೆದದ್ದು ಬೆಂಗಳೂರಿನಲ್ಲಿ, ಮೂಲ ಉಡುಪಿ ಕಡೆ. ನಮ್ಮದು ಬಾಸೆಲ್ ಮಿಶನ್ ಕಾಲದಿಂದ ಬಂದ ಪ್ರೊಟೆಸ್ಟೆಂಟ್ ಮನೆ. ಸರ್‌ನೇಮ್ ಸಾಲಿಯಾನ್. ಅಪ್ಪ ಹೋದ ಮೇಲೆ ಅವರ ಟ್ರಂಕಿನಲ್ಲಿ ಒಂದು ಹಳೆಯ ನೋಟ್‌ಬುಕ್ ಸಿಕ್ಕಿತು. ಅದರಲ್ಲಿ ನಮ್ಮ ವಂಶವೃಕ್ಷ ಬರೆಯಲು ಶುರು ಮಾಡಿ ಪಿಜ್ಜನ ಹತ್ತಿರ ನಿಲ್ಲಿಸಿದ್ದಾರೆ. (ಘಟ್ಟದ ಮೇಲಿನವರಿಗೆ: ಪಿಜ್ಜ ಅಂದರೆ ಮುತ್ತಜ್ಜ.) ಪಿಜ್ಜನ ಮೇಲೆ ಒಂದು ಗೆರೆ ಎಳೆದು ‘ಯಾಕೋಬ ಸಾಲಿಯಾನ್’ ಅಂತ ಬರೆದು, ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿದ್ದಾರೆ. ಅದೇ ಪೆನ್ಸಿಲಿನಲ್ಲಿ ಮೂರು ಸಲ ತಿದ್ದಿದ ಗುರುತು.

ಆ ಪ್ರಶ್ನೆ ಗುರುತಿನ ಹಿಂದೆ ನಾನು ಎರಡು ವರ್ಷದಿಂದ ಬಿದ್ದಿದ್ದೇನೆ. ಮೂರು ಸಭೆಗಳ (ಅಂದರೆ ಚರ್ಚುಗಳ) ರಿಜಿಸ್ಟರ್ ನೋಡಿದೆ. ಯಾಕೋಬರು ಬೇಕಾದಷ್ಟು ಜನ ಇದ್ದಾರೆ, ಯಾಕೋಬ ಸಾಲಿಯಾನ್ ಮಾತ್ರ ಎಲ್ಲೂ ಇಲ್ಲ.

ಕಳೆದ ದೀಪಾವಳಿ ರಜೆಯಲ್ಲಿ ಊರಿನ ಹಳೆಯ ಸ್ಮಶಾನಕ್ಕೆ ಹೋದೆ. ಪಿಜ್ಜನ ಕಲ್ಲು ಸಿಕ್ಕಿತು. ಮುರಕಲ್ಲಿನ ಕಟ್ಟೆ, ಮೇಲೆ ಕಪ್ಪು ಶಿಲೆಯ ಹಲಗೆ, ಕನ್ನಡ ಅಕ್ಷರ. ‘ಉಪದೇಶಿ’ (ಸಭೆಯಲ್ಲಿ ಬೋಧನೆ ಮಾಡುವವರು) ಅಂತ ಇದೆ, ಹೆಸರಿದೆ, ‘ಯಾಕೋಬನ ಮಗ’ ಅಂತ ಇದೆ. ‘ಪ್ರಾಯ 62’. ಇಸವಿ 1913 ಅನ್ನೋ ಹಾಗೆ ಕಾಣುತ್ತದೆ. ಆದರೆ ಮನೆಯಲ್ಲಿ ಎಲ್ಲರೂ ಹೇಳುವುದು ಪಿಜ್ಜ ‘ದೊಡ್ಡ ಜ್ವರ’ದ ವರ್ಷ ಹೋದರು ಅಂತ. ಸಾಲಿಯಾನ್ ಅನ್ನುವ ಪದ ಕಲ್ಲಿನಲ್ಲಿ ಎಲ್ಲಿಯೂ ಇಲ್ಲ. ಹಾಗಾದರೆ ಈ ಹೆಸರು ನಮಗೆ ಎಲ್ಲಿಂದ ಬಂತು? ನಾವು ಯಾರದ್ದೋ ಹೆಸರು ಇಟ್ಟುಕೊಂಡಿದ್ದೇವಾ? ಗೊತ್ತಿದ್ದವರು ದಯವಿಟ್ಟು ದಾರಿ ತೋರಿಸಿ.

ಕಲ್ಲು ಓದುವವ:

ಮೊದಲು ಇಸವಿ ವಿಷಯ. ಅಂಕೆ ಇಂಗ್ಲಿಷಿನದ್ದಾದರೆ ಸವೆದ 8 ಅನ್ನು 3 ಅಂತ ಓದುವುದು ಬಹಳ ಸಾಮಾನ್ಯ. ಎಡಗಡೆಯ ಬಾಗು ಅಳಿದುಹೋಗಿರುತ್ತದೆ ಅಷ್ಟೇ. ಕನ್ನಡ ಅಂಕೆ ಆಗಿದ್ದರೆ ಬೇರೆ ತೊಂದರೆ. ೬ ಮತ್ತು ೯ ಕೊಂಡಿಯಲ್ಲಿ ಮಾತ್ರ ಬೇರೆ, ೧ ಸವೆದರೆ ೦ ಹಾಗೆ ಕಾಣುತ್ತದೆ. ‘ದೊಡ್ಡ ಜ್ವರ’ ಅಂದರೆ 1918ರ ಇನ್‌ಫ್ಲುಯೆಂಜಾ ಇರಬೇಕು. ನಮ್ಮ ದೇಶದಲ್ಲಿ ಅದು ಹೆಚ್ಚು ಜನರನ್ನು ಕೊಂದದ್ದು ಆ ವರ್ಷದ ಸೆಪ್ಟೆಂಬರಿನಿಂದ ಡಿಸೆಂಬರ್ ಒಳಗೆ. ಅಕ್ಕಪಕ್ಕದ ಕಲ್ಲುಗಳ ತಾರೀಖು ನೋಡಿದಿರಾ? ಒಂದೇ ಸಾಲಿನಲ್ಲಿ ಎರಡು-ಮೂರು ಸಾವು ಅದೇ ತಿಂಗಳುಗಳಲ್ಲಿ ಇದ್ದರೆ ನಿಮ್ಮ ಮನೆಯವರ ಮಾತೇ ಸರಿ.

ಈಗ ಓದುವ ಬಗೆ. ನಾನು ಇಪ್ಪತ್ತು ವರ್ಷದಿಂದ ಕಲ್ಲುಗಳ ಮುಂದೆ ಕೂತವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ನಡು ಮಧ್ಯಾಹ್ನ ಹೋಗಬೇಡಿ. ಬಿಸಿಲು ನೆತ್ತಿಯ ಮೇಲಿದ್ದರೆ ಅಕ್ಷರದ ಗುಂಡಿಯಲ್ಲಿ ನೆರಳೇ ಬೀಳುವುದಿಲ್ಲ, ಕಲ್ಲು ಬೋಳಾಗಿ ಕಾಣುತ್ತದೆ. ಬೆಳಿಗ್ಗೆ ಏಳರ ಬಿಸಿಲು ಅಥವಾ ಸಂಜೆ ಐದರ ಬಿಸಿಲು ಓರೆಯಾಗಿ ಬೀಳುತ್ತದೆ, ಆಗ ಅಳಿಸಿಹೋದದ್ದು ಅಂದುಕೊಂಡ ಸಾಲುಗಳೂ ಎದ್ದು ಬರುತ್ತವೆ. ಮರದ ನೆರಳಿದ್ದರೆ ಮನೆಯ ಒಂದು ಮುಖ ನೋಡುವ ಕನ್ನಡಿ ತೆಗೆದುಕೊಂಡು ಹೋಗಿ, ದೂರದಿಂದ ಬಿಸಿಲನ್ನು ಕಲ್ಲಿನ ಅಂಚಿಗೆ ಹಾಯಿಸಿ. ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನು ಕಲ್ಲಿಗೆ ತಾಗಿಸಿ ಪಕ್ಕದಿಂದ ಹಿಡಿದರೂ ಆಯಿತು. ಎಡದಿಂದ ಒಂದು ಫೋಟೊ, ಬಲದಿಂದ ಒಂದು, ಕೆಳಗಿನಿಂದ ಒಂದು. ಒಂದರಲ್ಲಿ ಕಾಣದ ಕೊಂಬು ಇನ್ನೊಂದರಲ್ಲಿ ಕಾಣುತ್ತದೆ.

ನಿಮ್ಮ ಕಡೆ ಮಳೆಗಾಲದಲ್ಲಿ ಪಾಚಿ ಹಿಡಿದಿರುತ್ತದೆ. ಡಿಸೆಂಬರ್-ಜನವರಿಯಲ್ಲಿ ಅದು ಒಣಗಿ ತಾನಾಗಿ ಸಡಿಲ ಆಗುತ್ತದೆ, ಆಗ ಬರೀ ನೀರು ಮತ್ತು ಮೆತ್ತನೆಯ ಬ್ರಶ್ ಸಾಕು. ದಯವಿಟ್ಟು ಆ್ಯಸಿಡ್ ಬೇಡ, ಬ್ಲೀಚಿಂಗ್ ಪುಡಿ ಬೇಡ, ತಂತಿ ಬ್ರಶ್ ಬೇಡ, ಅಕ್ಷರದೊಳಗೆ ಬಣ್ಣ ತುಂಬುವುದಂತೂ ಬೇಡವೇ ಬೇಡ. ಬಣ್ಣ ತುಂಬುವವನು ತಾನು ಓದಿದ್ದನ್ನು ತುಂಬುತ್ತಾನೆ. 3 ಅಂತ ಓದಿದ್ದರೆ 3 ತುಂಬುತ್ತಾನೆ. ಮುಂದೆ ಬಂದವರಿಗೆ 8 ಇತ್ತು ಅನ್ನುವುದಕ್ಕೆ ಗುರುತೇ ಉಳಿಯುವುದಿಲ್ಲ.

ಇನ್ನೊಂದು ಮಾತು, ಕಲ್ಲಿನ ಹಿಂಭಾಗ ಮತ್ತು ಬದಿ ನೋಡಿದ್ದೀರಾ?

ಪಿಜ್ಜನ ಹುಡುಕಾಟ:

ಇಲ್ಲ ಸರ್, ಮುಂಭಾಗ ಮಾತ್ರ. ಹಿಂದೆ ಪೊದೆ ಬೆಳೆದಿತ್ತು. ಹೋದದ್ದೂ ಮಧ್ಯಾಹ್ನ ಹನ್ನೆರಡಕ್ಕೇ.

ಬೋಳಾರದ ಟೀಚರ್:

ನಿಮ್ಮ ಪ್ರಶ್ನೆ ಓದಿ ಊಟ ಬಿಟ್ಟು ಬರೆಯಲು ಕೂತೆ. ಮಗಳೇ, ನೀವು ಹುಡುಕುತ್ತಿರುವ ಮನುಷ್ಯ ಆ ಹೆಸರಿನಲ್ಲಿ ಇರಲೇ ಇಲ್ಲ. ಯಾಕೆ ಅಂತ ಹೇಳುತ್ತೇನೆ.

ಸಾಲಿಯಾನ್ ಅನ್ನುವುದು ‘ಬರಿ’, ಅಂದರೆ ಕುಲದ ಹೆಸರು. ಅಂಚನ್, ಅಮೀನ್, ಬಂಗೇರ, ಕೋಟ್ಯಾನ್, ಕುಂದರ್, ಸುವರ್ಣ, ಕರ್ಕೇರ ಎಲ್ಲವೂ ಹಾಗೆಯೇ. ಈಗ ನಾವು ಇವನ್ನು ಸರ್‌ನೇಮ್ ಹಾಗೆ ಬರೆಯುತ್ತೇವೆ, ಆದರೆ ತುಳುನಾಡಿನ ಅಳಿಯಕಟ್ಟಿನಲ್ಲಿ ಬರಿ ಬರುವುದು ತಾಯಿಯಿಂದ. ಅಪ್ಪನದ್ದು ಒಂದು ಬರಿ, ಮಕ್ಕಳದ್ದು ಅಮ್ಮನ ಬರಿ. ಆಸ್ತಿಯೂ ಆಗ ಮಾವನಿಂದ ಅಳಿಯನಿಗೆ, ಅಂದರೆ ಅಕ್ಕ-ತಂಗಿಯ ಮಕ್ಕಳಿಗೆ. ಮತ್ತೆ ಒಂದೇ ಬರಿಯವರು ತಮ್ಮೊಳಗೆ ಮದುವೆ ಆಗುವುದಿಲ್ಲ, ಅವರು ಒಡಹುಟ್ಟಿದವರ ಲೆಕ್ಕ.

ಈಗ ನಿಮ್ಮ ಮನೆಗೆ ಬನ್ನಿ. ಪಿಜ್ಜ ಸಾಲಿಯಾನ್ ಬರಿಯವರು ಅಂತಾದರೆ ಅವರ ತಾಯಿ ಸಾಲಿಯಾನ್. ಹಾಗಾದರೆ ಅಪ್ಪ ಯಾಕೋಬ ಸಾಲಿಯಾನ್ ಆಗಿರಲು ಸಾಧ್ಯವೇ ಇಲ್ಲ! ಅವರದ್ದು ಬೇರೆ ಯಾವುದೋ ಬರಿ. ನಿಮ್ಮ ತಂದೆಯವರು ಹಾಕಿದ ಪ್ರಶ್ನೆ ಗುರುತು ಬಹಳ ಸರಿಯಾದ ಜಾಗದಲ್ಲಿದೆ.

ಮತಾಂತರ ಆದ ಮನೆಗಳಲ್ಲಿ ಈ ಪದ್ಧತಿ ತಿರುಗಿಬಿತ್ತು. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರಿಗೆ ತರವಾಡು ಮನೆಯ (ಕುಟುಂಬದ ಮೂಲ ಮನೆಯ) ಬಾಗಿಲು ಮುಚ್ಚಿತು, ಗದ್ದೆ ಹೋಯಿತು. ಮಿಶನ್ನಿನವರು ಪ್ರೆಸ್ಸು, ನೇಯ್ಗೆ, 1865ರಿಂದ ಹಂಚಿನ ಕಾರ್ಖಾನೆ ಅಂತ ಕೆಲಸ ಹುಟ್ಟಿಸಿದ್ದು ಇದಕ್ಕೇ. ಅದೇ 1865ರಲ್ಲಿ ಬಂದ ಇಂಡಿಯನ್ ಸಕ್ಸೆಶನ್ ಆ್ಯಕ್ಟ್ ಕ್ರೈಸ್ತರ ಆಸ್ತಿಯನ್ನು ಹೆಂಡತಿ-ಮಕ್ಕಳಿಗೆ ಕೊಟ್ಟಿತು. ಆಮೇಲೆ ಮಕ್ಕಳು ಅಪ್ಪನ ಹೆಸರಿನ ಹಿಂದೆ ನಡೆದರು. ಅಂದರೆ ಒಂದು ತಲೆಮಾರಿನಲ್ಲಿ ಯಾರೋ ಒಬ್ಬರು ತಾಯಿಯಿಂದ ಪಡೆದ ಬರಿಯನ್ನು ತಮ್ಮ ಮಕ್ಕಳಿಗೆ ಕೊಟ್ಟರು. ಹೆಸರು ಅಲ್ಲಿ ಗಟ್ಟಿಯಾಗಿ ನಿಂತಿತು. ನಿಮ್ಮ ಮನೆಯಲ್ಲಿ ಆ ಒಬ್ಬರು ಪಿಜ್ಜನೇ ಇರಬೇಕು ಅಂತ ನನಗೆ ಅನ್ನಿಸುತ್ತದೆ.

ಆದ್ದರಿಂದ ಯಾಕೋಬನನ್ನು ಬಿಡಿ. ಯಾಕೋಬನ ಹೆಂಡತಿಯನ್ನು ಹುಡುಕಿ. ‘ಉಪದೇಶಿ’ ಅಂತ ಕಲ್ಲಿನಲ್ಲಿ ಇರುವುದನ್ನೂ ಸುಮ್ನೆ ಬಿಡಬೇಡಿ. ಉಪದೇಶಿಗಳಿಗೆ ವರ್ಗಾವಣೆ ಆಗುತ್ತಲೇ ಇತ್ತು. ಮುಲ್ಕಿ, ಉಡುಪಿ, ಮಂಗಳೂರು ಅಂತ. ಹುಟ್ಟು ಒಂದು ಸಭೆಯಲ್ಲಿ, ಮದುವೆ ಇನ್ನೊಂದರಲ್ಲಿ, ಮಣ್ಣು ಮತ್ತೊಂದರಲ್ಲಿ. ಒಂದೇ ಊರಿನ ರಿಜಿಸ್ಟರಿನಲ್ಲಿ ಇಡೀ ಮನೆ ಸಿಗುವುದಿಲ್ಲ.

ಪಿಜ್ಜನ ಹುಡುಕಾಟ:

ಟೀಚರ್, ಎರಡು ಸಲ ಓದಿದೆ. ಆಮೇಲೆ ಎದ್ದು ಅಪ್ಪನ ನೋಟ್‌ಬುಕ್ ತೆರೆದು ಆ ಪುಟ ಮತ್ತೆ ನೋಡಿದೆ. ಇದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಪಿಜ್ಜನ ತಾಯಿಯ ಹೆಸರು ‘ಮರಿಯ’ ಅನ್ನುವುದು ಬಿಟ್ಟರೆ ನಮಗೆ ಬೇರೇನೂ ಗೊತ್ತಿಲ್ಲ.

ಮಿಲಾಗ್ರಿಸ್ ಹತ್ತಿರದವ:

ಟೀಚರ್ ಹೇಳಿದ್ದಕ್ಕೆ ನಮ್ಮ ಕಥೋಲಿಕರ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಸರ್‌ನೇಮ್ ನೋಡಿ ನೆಂಟಸ್ತನ ಹೇಳಲು ಆಗುವುದೇ ಇಲ್ಲ. ಡಿಸೋಜ, ಪಿಂಟೊ, ಲೋಬೊ ಇವೆಲ್ಲ ಗೋವೆಯಲ್ಲಿ ದೀಕ್ಷೆಯ ದಿನ ಪಾದ್ರಿಯಿಂದಲೋ, ಜೊತೆಗೆ ನಿಂತ ಪೋರ್ಚುಗೀಸನಿಂದಲೋ ಬಂದ ಹೆಸರುಗಳು. ಒಂದೇ ದಿನ ಒಂದೇ ಹೆಸರು ಪಡೆದವರು ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲ. ಅಣ್ಣ-ತಮ್ಮಂದಿರಿಗೆ ಬೇರೆ ಬೇರೆ ಹೆಸರು ಬಿದ್ದದ್ದೂ ಉಂಟು. ನಮ್ಮ ಹಿರಿಯರು ಮನೆಯೊಳಗೆ ಕಾಪಾಡಿಕೊಂಡದ್ದು ಹಳೆಯ ಹೆಸರನ್ನು: ಪ್ರಭು, ಕಾಮತ್, ಶೆಣೈ, ಪೈ, ನಾಯಕ್. ಅದು ಕಲ್ಲಿನ ಮೇಲೆ ಅಪರೂಪಕ್ಕೆ ಕಾಣುತ್ತದೆ, ಅಜ್ಜಿಯರ ಬಾಯಿಯಲ್ಲಿ ಜಾಸ್ತಿ.

ನಮಗೆ 1784 ಒಂದು ದೊಡ್ಡ ಗೋಡೆ. ಆ ವರ್ಷ ಫೆಬ್ರವರಿಯಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ, ಚರ್ಚುಗಳು ನೆಲಸಮ ಆದವು. ಬದುಕಿದ್ದವರು ಹಿಂದೆ ಬಂದದ್ದು 1799ರಲ್ಲಿ. ಹಾಗಾಗಿ ಅದಕ್ಕಿಂತ ಹಿಂದಿನ ರಿಜಿಸ್ಟರ್ ಮಂಗಳೂರಿನಲ್ಲಿ ಹುಡುಕುವುದು ಕಷ್ಟ. ನಮ್ಮ ಮನೆಯ ಸರಪಳಿಯೂ ಅಲ್ಲೇ ತುಂಡಾಗಿದೆ. ಹೋದವರಲ್ಲಿ ನಮ್ಮವರು ಎಷ್ಟು ಜನ, ಬಂದವರು ಎಷ್ಟು ಜನ ಅನ್ನುವುದು ನನಗೆ ಇಂದಿಗೂ ಎದೆಯಲ್ಲಿ ಕೂತಿರುವ ವಿಷಯ.

ಮತ್ತೆ, ಕಲ್ಲು ಇಲ್ಲ ಅಂದರೆ ಅಲ್ಲಿ ಮಣ್ಣು ಮಾಡಿಲ್ಲ ಅಂತ ಅಲ್ಲ. ದುಡ್ಡಿದ್ದವರು ಜಾಗ ಕೊಂಡು ಕಟ್ಟೆ ಕಟ್ಟಿಸಿದರು. ಉಳಿದವರಿಗೆ ಮರದ ಶಿಲುಬೆ. ಅದು ನಾಲ್ಕು ಮಳೆಗಾಲ ಬಾಳುತ್ತದೆ. ಕೆಲವು ವರ್ಷ ಕಳೆದ ಮೇಲೆ ಅದೇ ಗುಂಡಿಗೆ ಇನ್ನೊಬ್ಬರು. ಹಾಗಾಗಿ ಸ್ಮಶಾನದಲ್ಲಿ ಕಾಣುವುದು ಊರಿನ ಅರ್ಧ ಜನವೂ ಅಲ್ಲ.

ನವೆಂಬರ್ 2ಕ್ಕೆ, ಸತ್ತವರ ಹಬ್ಬದ ದಿನ, ಸ್ಮಶಾನಕ್ಕೆ ಹೋಗಿ ನೋಡಿ. ಎಲ್ಲರೂ ಸಮಾಧಿ ಗುಡಿಸಿ, ಹೂ ಹಾಕಿ, ಮೊಂಬತ್ತಿ ಹಚ್ಚುತ್ತಾರೆ. ಹೆಸರಿಲ್ಲದ ಕಟ್ಟೆಯ ಮುಂದೆ ಯಾರಾದರೂ ಮುದುಕಿ ಮೊಂಬತ್ತಿ ಹಚ್ಚಿದರೆ ಹತ್ತಿರ ಹೋಗಿ ಮೆಲ್ಲ ಕೇಳಿ. ಅಲ್ಲಿ ಮಲಗಿರುವುದು ಯಾರು ಅಂತ ಅವರಿಗೆ ಮಾತ್ರ ಗೊತ್ತಿರುತ್ತದೆ.

ಚಾಂಪಿಯನ್ ರೀಫ್ಸ್:

ನಾನು ಕೆಜಿಎಫ್‌ನವನು. ನಮ್ಮಪ್ಪ, ತಾತ ಇಬ್ಬರೂ ಗಣಿಯಲ್ಲಿ ಇಳಿದವರು. ಇಲ್ಲಿ ಹೆಸರಿನ ಕಥೆ ಬೇರೆ ಥರ.

ಜಾನ್ ಟೇಲರ್ ಕಂಪನಿ 1880ರಲ್ಲಿ ಬಂದ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸ ಗೊತ್ತಿದ್ದವರನ್ನು ಕರೆಸಿದರು. ಅಲ್ಲಿನ ತವರದ ಗಣಿಗಳು ಮುಚ್ಚುತ್ತಾ ಇದ್ದವು. ಇಲ್ಲಿನ ಹಳೆಯ ಸಮಾಧಿಗಳಲ್ಲಿ ಟ್ರೆ, ಪೊಲ್, ಪೆನ್ ಅಂತ ಶುರುವಾಗುವ ಹೆಸರು ಸಿಕ್ಕರೆ ಅವರು ಕಾರ್ನಿಶ್ ಅಂತ ಧೈರ್ಯವಾಗಿ ಊಹಿಸಬಹುದು. ಅವರ ಹಳೆಯ ಭಾಷೆಯಲ್ಲಿ ಟ್ರೆ ಅಂದರೆ ಹಟ್ಟಿ, ಪೊಲ್ ಅಂದರೆ ಹೊಂಡ, ಪೆನ್ ಅಂದರೆ ಗುಡ್ಡದ ತುದಿ. ಅಂದರೆ ಅವರದ್ದೂ ಜಾಗದ ಹೆಸರೇ ಮನೆತನದ ಹೆಸರು ಆದದ್ದು. ಆ ಊರಿನಿಂದ ಈಗಲೂ ಜನ ಫೋಟೊ ಕೇಳಿ ಬರೆಯುತ್ತಾರೆ. ನಾನು ಹತ್ತಾರು ತೆಗೆದು ಕಳಿಸಿದ್ದೇನೆ.

ಆದರೆ ನನ್ನ ತಾತನ ಕಲ್ಲು ನನಗೆ ಸಿಕ್ಕಿಲ್ಲ. ಅವರ ಜೊತೆ ಇಳಿದ ತಮಿಳು, ತೆಲುಗು ಕೂಲಿಯವರಲ್ಲಿ ಹೆಚ್ಚಿನವರಿಗೆ ಕಲ್ಲು ಹಾಕುವ ಶಕ್ತಿ ಇರಲಿಲ್ಲ. ರಾಕ್ ಬರ್ಸ್ಟ್ (ಗಣಿಯೊಳಗೆ ಬಂಡೆ ಸಿಡಿಯುವುದು) ಆದ ದಿನ ಒಂದೇ ತಾರೀಖಿಗೆ ಹಲವರು ಹೋದರೂ ಕಲ್ಲಿನ ಮೇಲೆ ಉಳಿದದ್ದು ಒಂದೋ ಎರಡೋ ಹೆಸರು. ನಾನು ಆ ತಾರೀಖು ಹಿಡಿದುಕೊಂಡು ಬೇರೆ ಕಡೆ ಹುಡುಕುತ್ತೇನೆ. ಪಕ್ಕದವನ ಕಲ್ಲು ನನ್ನ ತಾತನ ದಿನ ಹೇಳಿತು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದ ಮೇಲೆ ಊರು ಬಿಟ್ಟು ಹೋದವರು ಬಹಳ. ನೋಡಿಕೊಳ್ಳುವ ಕೈ ಇಲ್ಲದೆ ಪೊದೆ ಬೆಳೆದಿದೆ. ಪ್ರತಿ ಬೇಸಿಗೆಯಲ್ಲೂ ನಾವು ನಾಲ್ಕು ಜನ ಮಚ್ಚು ಹಿಡಿದು ಹೋಗುತ್ತೇವೆ. ಬರುವವರಿದ್ದರೆ ಬನ್ನಿ.

ಅಕ್ಕಾ, ಕಲ್ಲು ಓದುವವರು ಹೇಳಿದ ಹಾಗೆ ಅಕ್ಕಪಕ್ಕ ನೋಡಿ. ನನಗೆ ಗೊತ್ತಿರುವ ಮಟ್ಟಿಗೆ ಬಡವರ ವಂಶ ಸಿಗುವುದು ಪಕ್ಕದ ಕಲ್ಲಿನಲ್ಲೇ.

ಧಾರವಾಡದ ಕಾಕಾ:

ಭಾಳ ಛಲೋ ಚರ್ಚೆ ನಡೆದದ ನೋಡ್ರಿ. ಕಾಗದ ಪತ್ರ ಹುಡುಕುವವರಿಗೆ ಒಂದು ಮಾತು ಹೇಳಬೇಕು. ಆಗಿನ ಗಡಿ ಈಗಿನ ಗಡಿ ಅಲ್ಲ. ಬ್ರಿಟಿಷರ ಚರ್ಚುಗಳ ದೀಕ್ಷೆ, ಮದುವೆ, ಸಾವಿನ ಪಟ್ಟಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಬಂಗಾಳ, ಮದ್ರಾಸ್, ಬಾಂಬೆ ಅಂತ ಮೂರು ಪ್ರೆಸಿಡೆನ್ಸಿಗಳ ಲೆಕ್ಕದಲ್ಲಿ ಇವೆ. ಧಾರವಾಡ, ಬೆಳಗಾವಿ ಬಾಂಬೆಯಲ್ಲಿ. ಬಳ್ಳಾರಿ, ಮಂಗಳೂರು ಮದ್ರಾಸಿನಲ್ಲಿ. ಕಾರವಾರಕ್ಕೆ ಹೋದರೆ ಎರಡೂ ನೋಡಬೇಕು, ಯಾಕೆಂದರೆ ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ತೆಗೆದು ಬಾಂಬೆಗೆ ಸೇರಿಸಿದರು. 1860ರ ಸಾವು ಒಂದು ಕಡೆ, 1865ರ ಸಾವು ಇನ್ನೊಂದು ಕಡೆ. ಇದು ಗೊತ್ತಿಲ್ಲದೆ ನನ್ನ ಗೆಳೆಯರೊಬ್ಬರು ಒಂದು ವರ್ಷ ಕಳೆದರು.

ಹುಬ್ಬಳ್ಳಿ-ಧಾರವಾಡದ ಕಡೆ ಹಳೆಯ ಕಲ್ಲು ನೋಡುವಾಗ 1898 ಮತ್ತು ಅದರ ಹಿಂದೆ ಮುಂದಿನ ವರ್ಷಗಳು ಸಾಲಾಗಿ ಬಂದರೆ ಅದು ಪ್ಲೇಗಿನ ಗುರುತು. ಇಸವಿ ಬದಲು ಸಂವತ್ಸರ ಬರೆದಿದ್ದರೆ ಹೆದರಬೇಡಿ. ಅದು ಅರವತ್ತು ವರ್ಷಕ್ಕೊಮ್ಮೆ ತಿರುಗುತ್ತದೆ. ಶಕ ವರ್ಷ ಇದ್ದರೆ 78 ಕೂಡಿಸಿ. ವಿಳಂಬಿ ಅಂತಿದ್ದರೆ 1898-99, ಕಾಳಯುಕ್ತಿ ಅಂತಿದ್ದರೆ 1918-19. ಅರವತ್ತು ಕಳೆದರೆ ಅದರ ಹಿಂದಿನದ್ದು. ಯಾವ ಸುತ್ತು ಅಂತ ಅಕ್ಷರದ ಆಕಾರ ಮತ್ತು ಪಕ್ಕದ ಕಲ್ಲು ಹೇಳುತ್ತದೆ.

ನಮ್ಮ ಲಿಂಗಾಯತರ ಮನೆಗಳಲ್ಲಿ ಹೂಳುತ್ತೇವೆ ಖರೆ, ಆದರೆ ಹೊಲದಾಗಿನ ಸಮಾಧಿಗೆ ಹೆಸರು ಬರೆಯುವುದು ಕಡಿಮೆ. ಬೇರೆ ಕಡೆ ಕಲ್ಲು ಮಾಡುವ, ಅಂದರೆ ಹೆಸರು ಉಳಿಸುವ, ಕೆಲಸವನ್ನು ನಮ್ಮಲ್ಲಿ ವಂಶಾವಳಿ ಹೇಳುವ ಹೆಳವರು ಮಾಡಿದ್ದಾರೆ. ನಾನು ಸಣ್ಣವನಿದ್ದಾಗ ಸುಗ್ಗಿ ಮುಗಿದ ಮೇಲೆ ಹೆಳವ ಎತ್ತಿನ ಮೇಲೆ ಕೂತು ಬರುತ್ತಿದ್ದ. ಕೈಯಲ್ಲಿ ಗಂಟೆ. ಎತ್ತಿನ ಕೊರಳಿಗೂ ಗಂಟೆ. ಅಂಗಳದಲ್ಲಿ ನಿಂತು ನಮ್ಮ ಮನೆಯ ಮೂಲ ಪುರುಷ ಯಾವ ಊರಿನಿಂದ ಬಂದ, ಅವನಿಗೆ ಎಷ್ಟು ಗಂಡು ಮಕ್ಕಳು, ಯಾರು ಎಲ್ಲಿಗೆ ಹೋಗಿ ನೆಲೆಸಿದರು ಅಂತ ಒಂದೇ ಉಸಿರಿಗೆ ಹೇಳುತ್ತಿದ್ದ. ಅಜ್ಜ ಕಣ್ಣು ಮುಚ್ಚಿ ಕೇಳುತ್ತಿದ್ದರು. ಹೊಸದಾಗಿ ಹುಟ್ಟಿದ ಕೂಸಿನ ಹೆಸರು ಬರೆಸಿ, ಜೋಳ ಅಳೆದು ಕೊಟ್ಟು ಕಳಿಸುತ್ತಿದ್ದರು. ಹೆಳವರ ಮನೆಗಳಲ್ಲಿ ಹಳೆಯ ಕೈಬರಹದ ಪುಸ್ತಕಗಳಿವೆ, ತಾಮ್ರದ ಹಾಳೆಗಳೂ ಇವೆ. ನಿಮ್ಮ ಊರಿಗೆ ಬರುವ ಹೆಳವರು ಯಾರು ಅಂತ ಹಿರಿಯರನ್ನು ಇವತ್ತೇ ಕೇಳಿ. ಆದರೆ ಒಂದು, ಅಲ್ಲಿಯೂ ಗಂಡು ಮಕ್ಕಳ ಹೆಸರೇ ಜಾಸ್ತಿ. ಟೀಚರ್ ಅಮ್ಮ ಹೇಳಿದ ತಾಯಿಯ ಹೆಸರು ಅಲ್ಲಿ ಹುಡುಕಿದರೆ ಸಿಗುವುದು ಕಷ್ಟ.

ಹೊಸಬ ಸದಸ್ಯ:

ನಮ್ಮ ಊರ ಕೆರೆ ಏರಿಯ ಮೇಲೆ ವೀರಗಲ್ಲು ಇದೆ. ಅದು ನಮ್ಮ ವಂಶದವರದ್ದೇ ಅಂತ ಮನೆಯಲ್ಲಿ ಹೇಳುತ್ತಾರೆ. ಅದರಿಂದ ವಂಶವೃಕ್ಷ ಮಾಡಬಹುದಾ?

ಕಲ್ಲು ಓದುವವ:

ಕಲ್ಲಿನಲ್ಲಿ ಬರಹ ಇದ್ದರೆ ಮೊದಲು ಓದಿಸಿ. ಬಹಳಷ್ಟು ವೀರಗಲ್ಲುಗಳಲ್ಲಿ ಶಿಲ್ಪ ಮಾತ್ರ ಇರುತ್ತದೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕೂತಿರುವುದು. ಬರಹ ಇದ್ದರೆ ಸತ್ತವನ ಹೆಸರು, ಯಾರ ಮಗ, ಯಾವ ಒಡೆಯನ ಕಡೆಯವನು, ತುರು ಹಿಂದಕ್ಕೆ ತರಲು ಸತ್ತನೋ ಊರು ಕಾಯಲು ಸತ್ತನೋ, ಕಲ್ಲು ಹಾಕಿಸಿದ್ದು ಯಾರು ಅಂತ ಸಿಗಬಹುದು. ಬೇಗೂರಿನ ದೇವಸ್ಥಾನದ ಸುಮಾರು 890ರ ಕಲ್ಲನ್ನೇ ನೋಡಿ. ‘ಬೆಂಗಳೂರು’ ಅನ್ನುವ ಹೆಸರು ಅದರಲ್ಲಿ ಬಂದಿದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅದು ನಾಗತ್ತರನ ಕಡೆಯವನೊಬ್ಬ ಆ ಕಾಳಗದಲ್ಲಿ ಸತ್ತದ್ದಕ್ಕೆ ಹಾಕಿದ ಕಲ್ಲು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ 949-50ರ ಕಲ್ಲು ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಹಾಕಿದ್ದು. ಅದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಆದರೆ ಸಾವಿರ ವರ್ಷದ ಹಿಂದಿನ ಕಲ್ಲಿಗೂ ನಿಮ್ಮ ಮನೆಗೂ ನಡುವೆ ಮೂವತ್ತು-ನಲವತ್ತು ತಲೆಮಾರು ಇವೆ. ನಡುವಿನ ಒಂದು ಕೊಂಡಿಯೂ ಕೈಯಲ್ಲಿಲ್ಲದೆ ‘ನಮ್ಮವನು’ ಅಂತ ವಂಶವೃಕ್ಷದಲ್ಲಿ ಬರೆಯಬೇಡಿ. ನಮ್ಮ ಊರಿನವನು ಅಂತ ಬರೆಯಿರಿ, ಹಬ್ಬಕ್ಕೆ ಎಣ್ಣೆ ಹಚ್ಚಿ, ಕಲ್ಲು ಜೆಸಿಬಿಗೆ ಸಿಗದ ಹಾಗೆ ನೋಡಿಕೊಳ್ಳಿ. ನಾನು ಕಣ್ಣಾರೆ ಕಂಡ ಒಂದು ಸ್ಮಶಾನದಲ್ಲಿ ಕಾಂಪೌಂಡ್ ಕಟ್ಟುವಾಗ ಬರಹ ಇರುವ ಆರು ಕಲ್ಲುಗಳನ್ನು ಪಾಯಕ್ಕೆ ಹಾಕಿಬಿಟ್ಟಿದ್ದರು. ಹಿಂದಿನ ವಾರ ಫೋಟೊ ತೆಗೆದಿದ್ದರಿಂದ ಹೆಸರುಗಳಾದರೂ ಉಳಿದವು.

ಟ್ಯೂಬಿಂಗನ್‌ನಿಂದ:

ಜರ್ಮನಿಯಲ್ಲಿ ಇದ್ದೇನೆ. ಕಿಟೆಲ್ ತೀರಿಕೊಂಡದ್ದು ಇದೇ ಊರಿನಲ್ಲಿ, 1903ರಲ್ಲಿ. ಇಲ್ಲಿ ಸಮಾಧಿಯ ಜಾಗ ಗುತ್ತಿಗೆಯದ್ದು. ಇಂತಿಷ್ಟು ವರ್ಷ ಅಂತ, ಸಾಮಾನ್ಯವಾಗಿ ಇಪ್ಪತ್ತೋ ಮೂವತ್ತೋ. ದುಡ್ಡು ಕಟ್ಟುವವರು ಇಲ್ಲದಿದ್ದರೆ ಕಲ್ಲು ತೆಗೆಯುತ್ತಾರೆ. ಹಾಗಾಗಿ ಮಂಗಳೂರು, ಧಾರವಾಡ, ಕೊಡಗಿನಲ್ಲಿ ಉಳಿದಿರುವ ಮಿಶನರಿ ಕಲ್ಲುಗಳು ಇಲ್ಲಿನ ಅವರ ಮನೆಯವರಿಗೆ ಬಹಳ ಬೆಲೆಯವು.

ಅವನ್ನು ಓದುವವರಿಗೆ ಒಂದು ಸುಳಿವು. ಹೆಂಗಸರ ಹೆಸರಿನ ಪಕ್ಕ ‘ಗೆಬ್’ (geb) ಎಂದು ಮೂರಕ್ಷರ, ಆಮೇಲೆ ಇನ್ನೊಂದು ಹೆಸರು ಇದ್ದರೆ ಅದು ತವರಿನ ಹೆಸರು. ಅದೇ ಮೂರಕ್ಷರದ ಮುಂದೆ ತಾರೀಖು ಇದ್ದರೆ ಅದು ಹುಟ್ಟಿದ ದಿನ. ‘ಗೆಸ್ಟ್’ (gest) ಎಂದಿದ್ದರೆ ಸತ್ತ ದಿನ. ಪಕ್ಕದಲ್ಲಿ ಒಂದೂವರೆ ಅಡಿಯ ಪುಟ್ಟ ಕಲ್ಲುಗಳಿದ್ದರೆ ಅವರ ಮಕ್ಕಳು. ಉಳಿದ ಮಕ್ಕಳನ್ನು ಆರೇಳು ವರ್ಷಕ್ಕೇ ಬಾಸೆಲ್‌ಗೆ ಓದಲು ಕಳಿಸುತ್ತಿದ್ದರು. ತಾಯಿ ಇಲ್ಲಿ ಮಣ್ಣಾದರೆ ಮಕ್ಕಳಿಗೆ ಕಾಗದದಲ್ಲಿ ಸುದ್ದಿ.

ಪಿಜ್ಜನ ವಿಷಯಕ್ಕೆ: 1918ರಲ್ಲಿ ತೀರಿಕೊಂಡಿದ್ದರೆ ಆಗ ಜರ್ಮನ್ ಪಾದ್ರಿಗಳು ನಿಮ್ಮೂರಿನಲ್ಲಿ ಇರಲಿಲ್ಲ. ಮೊದಲ ಮಹಾಯುದ್ಧ ಶುರುವಾದ ಮೇಲೆ ಅವರನ್ನು ಬಂಧಿಸಿ, ವಾಪಸು ಕಳಿಸಿದರು. ಹಾಗಾಗಿ ಸಾವಿನ ದಾಖಲೆ ಊರಿನ ಸಭೆಯಲ್ಲೇ ಹುಡುಕಿ. ಆದರೆ ಯಾಕೋಬ, ಮರಿಯ ಸಭೆಗೆ ಸೇರಿದ ಕಾಲದ ಮಿಶನ್ ವರದಿಗಳು ಬಾಸೆಲ್‌ನ ಆರ್ಕೈವ್‌ನಲ್ಲಿವೆ, ಹಳೆಯ ಫೋಟೊಗಳು ಆನ್‌ಲೈನ್ ಸಿಗುತ್ತವೆ. ಹಳೆಯ ಜರ್ಮನ್ ಕೈಬರಹ ಓದಬೇಕಾದರೆ ನನಗೆ ಕಳಿಸಿ.

ಪಿಜ್ಜನ ಹುಡುಕಾಟ:

ಎಲ್ಲರಿಗೂ ಮತ್ತೆ ನಮಸ್ಕಾರ. ಹೇಳುವುದು ಬಹಳ ಇದೆ. ಜನವರಿ ಎರಡನೇ ವಾರ ಊರಿಗೆ ಹೋಗಿ ಬಂದೆ.

ಬೆಳಿಗ್ಗೆ ಆರೂ ಮುಕ್ಕಾಲಿಗೆ ಸ್ಮಶಾನದಲ್ಲಿದ್ದೆ. ಅತ್ತೆಯ ಮಗ ಕನ್ನಡಿ ಹಿಡಿದು ಹತ್ತು ಅಡಿ ದೂರ ನಿಂತ. ಬಿಸಿಲು ಕಲ್ಲಿನ ಅಂಚಿಗೆ ಬಿದ್ದದ್ದೇ 3ರ ಎಡಗಡೆ ಸಣ್ಣ ಗೆರೆ ಎದ್ದು ಬಂತು. 1918, ಅಕ್ಟೋಬರ್. ಎಡಗಡೆ ಇನ್ನೊಬ್ಬರು, ಅದೇ ತಿಂಗಳು. ಬಲಗಡೆ ಒಂದು ಮಗು, ನವೆಂಬರ್. ಮನೆಯವರ ಮಾತೇ ಸರಿ. ಪೊದೆ ಕಡಿದು ಹಿಂಭಾಗ ನೋಡಿದೆವು. ಅಲ್ಲಿ ಏನೂ ಇರಲಿಲ್ಲ.

ಆಮೇಲೆ ಟೀಚರ್ ಮಾತು ನೆನಪಾಗಿ ಹಿಂದಿನ ಸಾಲುಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಪಿಜ್ಜನಿಂದ ಎರಡು ಸಾಲು ಹಿಂದೆ, ಗೋಡೆಯ ಹತ್ತಿರ, ಮೊಣಕಾಲು ಎತ್ತರದ ಒಂದು ಮುರಕಲ್ಲು. ಶಿಲೆಯ ಹಲಗೆ ಇಲ್ಲ. ಗಾರೆ ಹಸಿ ಇದ್ದಾಗ ಯಾರೋ ಮೊಳೆಯಿಂದ ಬರೆದ ಹಾಗಿದೆ. ಅರ್ಧ ಗಾರೆ ಉದುರಿದೆ. ನೀರು ಚಿಮುಕಿಸಿ, ಪಾಚಿ ಮೆಲ್ಲ ಸರಿಸಿದೆ. ಮೊದಲು ಕಂಡದ್ದು ‘ಯಾ’, ಆಮೇಲೆ ‘ಬನ ಹೆಂಡ’. ಅದರ ಕೆಳಗೆ ‘ಮರಿಯ’. ನನಗೆ ಕಾಲು ನಿಲ್ಲಲಿಲ್ಲ, ಅಲ್ಲೇ ಕೂತುಬಿಟ್ಟೆ. ಅಕ್ಷರಗಳು ಸಾಲಾಗಿಲ್ಲ. ‘ಯ’ ಜಾಗ ಸಾಲದೆ ಕೆಳಗೆ ಇಳಿದಿದೆ. ಅದನ್ನು ಬರೆದದ್ದು ಪಿಜ್ಜನೇ ಇರಬಹುದು ಅಂತ ನನಗೆ ಅನ್ನಿಸಿತು, ಆದರೆ ನೋಟ್‌ಬುಕ್‌ನಲ್ಲಿ ಹಾಗಂತ ಬರೆದಿಲ್ಲ.

ಇಸವಿ ಉದುರಿಹೋಗಿದೆ. ಸಭಾಪಾಲಕರು ಬಹಳ ಒಳ್ಳೆಯವರು, ಇಡೀ ಮಧ್ಯಾಹ್ನ ನನ್ನ ಜೊತೆ ಕೂತರು. ಮಣ್ಣಿನ ರಿಜಿಸ್ಟರಿನಲ್ಲಿ ‘ಯಾಕೋಬನ ವಿಧವೆ ಮರಿಯ, ಉಪದೇಶಿಯ ತಾಯಿ’ ಅಂತ 1898ರಲ್ಲಿ ಸಿಕ್ಕಿತು. ಅಲ್ಲಿಂದ ಹಿಡಿದು ಇನ್ನೊಂದು ಸಭೆಯ ದೀಕ್ಷಾಸ್ನಾನದ ಪುಸ್ತಕಕ್ಕೆ ಹೋದೆ, ಟೀಚರ್ ಹೇಳಿದ ಹಾಗೆ ಬೇರೆ ಊರು. ಅದರಲ್ಲಿ ಗಂಡ, ಹೆಂಡತಿ, ಒಂದು ಗಂಡು ಕೂಸು, ಮೂವರೂ ಒಂದೇ ದಿನ. ಮರಿಯ ಅಜ್ಜಿಯ ಮೊದಲಿನ ಹೆಸರು, ಹುಟ್ಟಿದ ಮನೆ, ಆಮೇಲೆ ಒಂದು ಪದ: ಸಾಲಿಯಾನ್. ಯಾಕೋಬ ಅಜ್ಜನದ್ದು ಬಂಗೇರ.

ಮೊದಲಿನ ಹೆಸರುಗಳನ್ನು ಇಲ್ಲಿ ಹಾಕುವುದಿಲ್ಲ, ಆ ಮನೆಯವರು ಈಗಲೂ ಊರಿನಲ್ಲಿದ್ದಾರೆ. ಮೊದಲು ಹೋಗಿ ಅವರ ಮುಖ ನೋಡಿ ಮಾತಾಡಬೇಕು. ನೋಟ್‌ಬುಕ್‌ನಲ್ಲಿ ಅಪ್ಪ ಬರೆದ ‘ಯಾಕೋಬ ಸಾಲಿಯಾನ್’ ಅನ್ನು ನಾನು ಹೊಡೆದು ಹಾಕಿಲ್ಲ. ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು ಮರಿಯ ಅಂತ ಬರೆದು, ಸಾಲಿಯಾನ್ ಅನ್ನು ಅವರ ಹೆಸರಿನ ಮುಂದೆ ಬರೆದೆ.

ಬೋಳಾರದ ಟೀಚರ್:

ಓದಿ ಕಣ್ಣು ತುಂಬಿತು ಮಗಳೇ. ಆ ಮನೆಗೆ ಹೋಗುವಾಗ ನೇರ ಅಂಗಳಕ್ಕೆ ಹೋಗಿ ‘ನಾವು ನಿಮ್ಮವರು’ ಅನ್ನಬೇಡಿ. ಆಸ್ತಿ ಕೇಳಲು ಬಂದವರು ಅಂತ ಹೆದರುತ್ತಾರೆ. ಮನೆಯ ಹಿರಿಯ ಹೆಂಗಸು ಯಾರು ಅಂತ ಮೊದಲು ತಿಳಿದುಕೊಂಡು, ಅವರ ಹತ್ತಿರ ತುಳುವಿನಲ್ಲಿ ಮಾತಾಡಿ. ಬೇಕಾದರೆ ನಾನೇ ಜೊತೆಗೆ ಬರುತ್ತೇನೆ, ನನಗೂ ನೋಡಬೇಕು.

ಕಲ್ಲು ಓದುವವ:

ಆ ಗಾರೆ ಇನ್ನೆರಡು ಮಳೆಗಾಲ ತಡೆಯುವುದಿಲ್ಲ. ಮೇಲೆ ಸಿಮೆಂಟ್ ಮೆತ್ತಿಸಬೇಡಿ. ಒಂದು ತಗಡಿನ ಮಾಡು ಹಾಕಿಸಿ, ಕಲ್ಲಿಗೆ ತಾಗದ ಹಾಗೆ. ಮುಂದಿನ ತಿಂಗಳು ಮಂಗಳೂರಿಗೆ ಬರುತ್ತಿದ್ದೇನೆ. ಎಲ್ಲ ಬದಿಯಿಂದ ಅಳತೆಕೋಲು ಇಟ್ಟು ಫೋಟೊ ತೆಗೆಯೋಣ, ಇಸವಿಯ ಜಾಗದಲ್ಲಿ ಏನಾದರೂ ಉಳಿದಿದೆಯಾ ನೋಡೋಣ.

ಪಿಜ್ಜನ ಹುಡುಕಾಟ:

ಬನ್ನಿ ಸರ್. ಟೀಚರ್, ನೀವೂ ಬನ್ನಿ. ಶನಿವಾರ ಆದರೆ ಅತ್ತೆಯ ಮಗನಿಗೂ ರಜೆ, ಕನ್ನಡಿ ಅವನೇ ತರುತ್ತಾನೆ.